ಲಾನ್ ಉಳಿಸಿಕೊಂಡಿದ್ದು ಬೇಸಿಗೆಯಲ್ಲಲ್ಲ, ಅಕ್ಟೋಬರ್‌ನಲ್ಲಿ

ಮಡಿಕೇರಿಯಲ್ಲಿ ಮಳೆಗೆ ಬರವಿಲ್ಲ. ಆದರೂ ಫೆಬ್ರವರಿ ಬಂತೆಂದರೆ ನಮ್ಮ ಬಾವಿ ಅರ್ಧ ಇಳಿದಿರುತ್ತದೆ. ಆಗಸ್ಟ್‌ನಲ್ಲಿ ಕಾಲಿಟ್ಟರೆ ಪಚಪಚ ಅನ್ನುವ ಹುಲ್ಲು ಮಾರ್ಚ್‌ನಲ್ಲಿ ತೆಂಗಿನ ನಾರಿನ ಹಾಗೆ ಒಣಗುತ್ತಿತ್ತು. ಮೂರು ಬೇಸಿಗೆ ದಿನಾ ಸಂಜೆ ಪೈಪ್ ಹಿಡಿದು ನಿಂತೆ, ಹುಲ್ಲು ಉಳಿಯಲಿಲ್ಲ.

ಒಂದು ದಿನ ಕತ್ತಿಯಿಂದ ಒಂದು ತುಂಡು ಎಬ್ಬಿಸಿ ನೋಡಿದೆ. ಬೇರು ಬರೀ ಒಂದು ಇಂಚು! ಮೇಲಿನ ಅರ್ಧ ಇಂಚು ಮಣ್ಣು ಒದ್ದೆ, ಅದರ ಕೆಳಗೆ ಇಟ್ಟಿಗೆಯಂಥ ಗಟ್ಟಿ. ಮಳೆಗಾಲದಲ್ಲಿ ನಾವೇ ಓಡಾಡಿ ತುಳಿದ ಮಣ್ಣದು, ಅದರೊಳಗೆ ಬೇರು ಇಳಿಯುವುದಾದರೂ ಹೇಗೆ?

ಆ ವರ್ಷ ಅಕ್ಟೋಬರ್‌ನಲ್ಲಿ ಮಳೆ ಬಿಡುವು ಕೊಟ್ಟ ತಕ್ಷಣ ಪಾಚಿ ಕೆರೆದು ತೆಗೆದೆ, ಗಾರ್ಡನ್ ಫೋರ್ಕ್ ಚುಚ್ಚಿ ಗೇಣಿಗೊಂದರಂತೆ ತೂತು ಮಾಡಿ, ಜರಡಿ ಹಿಡಿದ ಹಟ್ಟಿಗೊಬ್ಬರಕ್ಕೆ ಮರಳು ಬೆರೆಸಿ ತುಂಬಿದೆ. ಮಣ್ಣು ಪರೀಕ್ಷೆಯಲ್ಲಿ ಹುಳಿ ಜಾಸ್ತಿ ಅಂತ ಬಂದಿತ್ತು, ಹಾಗಾಗಿ ಸುಣ್ಣವನ್ನೂ ಹಾಕಿದೆ, ಆದರೆ ಗೊಬ್ಬರ ಹಾಕಿ ಮೂರು ವಾರ ಬಿಟ್ಟು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸಿಲ್ವರ್ ಓಕ್ ನೆರಳಲ್ಲಿ ಮೆಕ್ಸಿಕನ್ ಹುಲ್ಲು ಬರುವುದೇ ಇಲ್ಲ, ಅಲ್ಲಿ ಅಗಲ ಎಲೆಯ ಕಾರ್ಪೆಟ್ ಗ್ರಾಸ್ ನೆಟ್ಟೆ.

ಈಗ ಬೇಸಿಗೆಯಲ್ಲಿ ವಾರಕ್ಕೊಂದೇ ಸಲ ನೀರು, ಬೆಳಿಗ್ಗೆ ಬಿಸಿಲೇರುವ ಮೊದಲು. ಒಂದು ಚದರ ಮೀಟರಿಗೆ 25 ಲೀಟರ್ ಹಾಕಿದರೆ ಒಂದು ಇಂಚು ಮಳೆ ಬಂದ ಲೆಕ್ಕ. ನಮ್ಮದು 20 ಚದರ ಮೀಟರ್, 500 ಲೀಟರ್ ಸಾಕು. ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ, ಅಂದರೆ ಹೂಮಳೆ, ಚೆನ್ನಾಗಿ ಬಿದ್ದ ವಾರ ಅದೂ ಬೇಡ. ಹುಲ್ಲನ್ನು ಎರಡು ಇಂಚಿಗಿಂತ ಗಿಡ್ಡ ಕತ್ತರಿಸುವುದಿಲ್ಲ, ಕತ್ತರಿಸಿದ್ದನ್ನು ಅಲ್ಲೇ ಬಿಡುತ್ತೇನೆ. ಈ ಏಪ್ರಿಲ್‌ನಲ್ಲಿ ಮತ್ತೆ ತುಂಡು ಎಬ್ಬಿಸಿದಾಗ ಬೇರು ನಾಲ್ಕು ಇಂಚು ಇಳಿದಿತ್ತು, ನನಗಂತೂ ಹಿಡಿಸಲಾರದಷ್ಟು ಖುಷಿ.

ಗಿಡಗಳ ಜಾಗವನ್ನೂ ಬದಲಿಸಿದೆ. ನೀರು ಕುಡಿಯುವ ಹೈಡ್ರೇಂಜಿಯಾ ಅಕ್ಕಿ ತೊಳೆದ ನೀರು ಬೀಳುವ ಕಡೆ, ಬರೆಯ (ಕಡಿದ ಮಣ್ಣಿನ ದಿಣ್ಣೆಯ) ಇಳಿಜಾರಿಗೆ ಲಾವಂಚ, ಬಿಸಿಲಿನ ಗೋಡೆಗೆ ಬೋಗನ್‌ವಿಲ್ಲಾ. ಬೋಗನ್‌ವಿಲ್ಲಾಗೆ ನೀರು ಕಡಿಮೆ ಮಾಡಿದಷ್ಟೂ ಹೂವು ಜಾಸ್ತಿ, ಸುಮ್ನೆ ಬಿಟ್ಟುಬಿಡಿ.

ಬುಡಕ್ಕೆಲ್ಲ ತರಗೆಲೆ, ಒಂದು ವರ್ಷ ಕೊಳೆತ ಕಾಫಿ ಸಿಪ್ಪೆ. ಹಸಿ ಸಿಪ್ಪೆ ಹಾಕಬೇಡಿ, ಕೊಳೆಯುವಾಗ ಬಿಸಿಯಾಗುತ್ತದೆ. ಮೇ ಕೊನೆಯಲ್ಲಿ ಅದನ್ನೆಲ್ಲ ಬಾಚಿ ಗೊಬ್ಬರಗುಂಡಿಗೆ ಹಾಕುತ್ತೇನೆ, ಇಲ್ಲದಿದ್ದರೆ ಜೂನ್ ಮಳೆಗೆ ಅದರಡಿ ಬಸವನಹುಳು ಸೇರಿಕೊಳ್ಳುತ್ತವೆ.