ಬೆಳಗಿನ ಕಾಫಿ ಬಿಡದೆ ಟಿಎಸ್‌ಎಚ್ ಇಳಿಸಿದ ನನ್ನ ಲೆಕ್ಕ

ಈ ಜನವರಿಯ ವರದಿಯಲ್ಲಿ ನನ್ನ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿ ಕುಂದಿದಷ್ಟೂ ರಕ್ತದಲ್ಲಿ ಏರುವ ಹಾರ್ಮೋನು) 2.6 ಎಂದು ಬಂದಿದೆ. ಅದರ ಹಿಂದಿನದು 2.9, ಅದಕ್ಕೂ ಹಿಂದಿನದು 3ರ ಆಸುಪಾಸು. ಇಷ್ಟು ವರ್ಷಗಳಲ್ಲಿ ಮೂರು ವರದಿಗಳು ಸಾಲಾಗಿ ಸರಿ ಬಂದದ್ದು ಇದೇ ಮೊದಲು. ಬೆಳಿಗ್ಗೆ ನುಂಗುತ್ತಿದ್ದ ಮಾತ್ರೆಯನ್ನು ರಾತ್ರಿಗೆ ಬದಲಾಯಿಸುತ್ತೇನೆ ಎಂದಾಗ ನಮ್ಮ ಅತ್ತಿಗೆ ನಕ್ಕಿದ್ದರು; ಥೈರಾಯ್ಡ್ ಮಾತ್ರೆಯನ್ನು ರಾತ್ರಿ ನುಂಗುವವರನ್ನು ತಾವು ಕಂಡೇ ಇಲ್ಲ ಎಂದು ಕಚೇರಿಯ ಗೆಳತಿಯರು ಹೇಳಿದ್ದರು; ವೈದ್ಯರೂ ಅರೆಮನಸ್ಸಿನಿಂದಲೇ ಒಪ್ಪಿದ್ದರು. ಅವರೆಲ್ಲರ ಸಲುವಾಗಿ, ಹಾಗೆಯೇ ತಪ್ಪದೆ ಮಾತ್ರೆ ನುಂಗಿಯೂ ಅಂಕೆ ಇಳಿಯದೆ ಬೇಸತ್ತವರ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಊರಿನವರ ಲೆಕ್ಕವನ್ನು ಪೈಸೆ ತಪ್ಪದಂತೆ ಇಡುವ ನಾನು ನನ್ನದೇ ಮೊದಲ ಎರಡು ವರ್ಷದ ವರದಿಗಳನ್ನು ಮನೆ ಬದಲಾಯಿಸುವಾಗ ಕಳೆದುಕೊಂಡೆ. ಆದ್ದರಿಂದ ಕೆಳಗಿನ ಹಳೆಯ ಅಂಕೆಗಳು ನೆನಪಿನಿಂದ ಬರೆದವು. ಒಂದಷ್ಟು ಹೆಚ್ಚುಕಡಿಮೆ ಇದ್ದೀತು.

2018ರಲ್ಲಿ ಮೊದಲ ಟಿಎಸ್‌ಎಚ್ 14ರ ಮೇಲಿತ್ತು, ಥೈರಾಯ್ಡಿನ ಮೇಲೆ ದೇಹವೇ ತಿರುಗಿಬಿದ್ದಿರುವುದನ್ನು ತೋರಿಸುವ ಆಂಟಿ-ಟಿಪಿಒ ನೂರುಗಳಲ್ಲಿತ್ತು. 50 ಮೈಕ್ರೋಗ್ರಾಂನಿಂದ ಆರಂಭವಾದ ಮಾತ್ರೆ 75ಕ್ಕೆ, ಆಮೇಲೆ 100ಕ್ಕೆ ಏರಿತು. ಮಾತ್ರೆ ಏರಿದರೂ ಟಿಎಸ್‌ಎಚ್ 8ರಿಂದ 10ರ ನಡುವೆ ಹೊಯ್ದಾಡುತ್ತಿತ್ತೇ ಹೊರತು ಕೆಳಗಿಳಿಯಲಿಲ್ಲ. ಆತುರಕ್ಕೆ ಮೂರು ವಾರಕ್ಕೊಮ್ಮೆ ರಕ್ತ ಕೊಟ್ಟು, ಪ್ರತಿ ಸಲವೂ ಮುನ್ನೂರೋ ನಾನೂರೋ ರೂಪಾಯಿ ತೆತ್ತು, ಹೊಸದೇನನ್ನೂ ತಿಳಿಯದೆ ಮನೆಗೆ ಬರುತ್ತಿದ್ದೆ. ಮಾತ್ರೆಯ ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರ ಕಳೆಯದೆ ಮಾಡಿಸಿದ ಪರೀಕ್ಷೆ ಹಣಕ್ಕೆ ದಂಡ ಎಂಬುದನ್ನು ಕಲಿಯಲು ನನಗೆ ಸುಮಾರು ನಾಲ್ಕು ಸಾವಿರ ಖರ್ಚಾಯಿತು.

ಅದಕ್ಕಿಂತ ದುಬಾರಿಯಾದದ್ದು ಬಯೋಟಿನ್ ಪ್ರಸಂಗ. ತಲೆಕೂದಲು ಬಾಚಣಿಗೆಯಲ್ಲಿ ಮುಷ್ಟಿ ಮುಷ್ಟಿಯಾಗಿ ಬರುತ್ತಿದ್ದುದರಿಂದ, ಯಾರನ್ನೂ ಕೇಳದೆ, ದಿನಕ್ಕೆ 10 ಮಿಲಿಗ್ರಾಂ ಬಯೋಟಿನ್ ಎಂಬ ಬಿ ವಿಟಮಿನ್ ಇರುವ ಮಾತ್ರೆಯನ್ನು ತರಿಸಿಕೊಂಡೆ. ತಿಂಗಳಿಗೆ 600 ರೂಪಾಯಿಯ ಬಾಬ್ತು. ಎರಡು ತಿಂಗಳ ಬಳಿಕ ಟಿಎಸ್‌ಎಚ್ 0.2 ಎಂದು ಬಂತು. ಸಂತೋಷಕ್ಕೆ ಮನೆಯಲ್ಲಿ ಹೋಳಿಗೆ ಮಾಡಿದೆವು. ಇಷ್ಟು ಕಡಿಮೆಯಾದರೆ ಹೃದಯಕ್ಕೂ ಮೂಳೆಗೂ ಒಳ್ಳೆಯದಲ್ಲವೆಂದು ವೈದ್ಯರು ಮಾತ್ರೆಯನ್ನು 75ಕ್ಕೆ ಇಳಿಸಿದರು. ಮುಂದಿನ ಎರಡು ತಿಂಗಳು ನಾನು ಮನುಷ್ಯಳಾಗಿರಲಿಲ್ಲ: ಬೆಳಿಗ್ಗೆ ಮುಖ ಊದಿಕೊಂಡಿರುತ್ತಿತ್ತು, ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು, ಲೆಕ್ಕದ ಮೊತ್ತ ಕೂಡಿಸುವಾಗ ಸಾಲು ತಪ್ಪುತ್ತಿತ್ತು. ಬಯೋಟಿನ್‌ನ ಹೊಸ ಡಬ್ಬ ತರಿಸಲು ಹಣವಿಲ್ಲದೆ ಬಿಟ್ಟಿದ್ದ ಸಮಯದಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ 16 ದಾಟಿತ್ತು. ಕೆಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆಂದೂ, ರಕ್ತದಲ್ಲಿ ಅದೇ ಹೆಚ್ಚಾಗಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸುತ್ತದೆಂದೂ ಆಮೇಲೆ ಇನ್ನೊಬ್ಬ ವೈದ್ಯರು ವಿವರಿಸಿದರು. ಈಗ ಕೂದಲಿನ ಯಾವುದೇ ಮಾತ್ರೆ ತಿನ್ನುತ್ತಿದ್ದರೂ ರಕ್ತ ಕೊಡುವುದಕ್ಕೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಿ ಎಂದು ಗೆಳತಿಯರಿಗೆ ಹೇಳುತ್ತೇನೆ. ಅಂದಹಾಗೆ, ನನ್ನ ಕೂದಲು ಉದುರುವುದು ಬಯೋಟಿನ್‌ನಿಂದ ನಿಲ್ಲಲಿಲ್ಲ.

ಮತ್ತೆ 100ಕ್ಕೆ ಬಂದ ಮೇಲೆ, 9.4 ಎಂಬ ಅಂಕೆಯನ್ನು ನೋಡುತ್ತ ಕುಳಿತಿದ್ದಾಗ, ಕಚೇರಿಯಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡೋಣ ಎನ್ನಿಸಿತು. ಹಳೆಯ ನಗದು ಪುಸ್ತಕವೊಂದನ್ನು ತೆಗೆದು ಒಂದು ಕಡೆ ಗಂಟೆಯನ್ನೂ ಇನ್ನೊಂದು ಕಡೆ ಹೊಟ್ಟೆಗೆ ಹೋದದ್ದನ್ನೂ ಹತ್ತು ದಿನ ಬರೆದೆ. ಐದೂವರೆಗೆ ಮಾತ್ರೆ, ಐದು ಮುಕ್ಕಾಲಿಗೆ ಡಿಕಾಕ್ಷನ್ ಇಳಿದು ಗಟ್ಟಿ ಹಾಲಿನ ಕಾಫಿ, ಆರೂವರೆಗೆ ರಾಗಿ ಮಾಲ್ಟ್, ಅದರ ಹಿಂದೆಯೇ ಮಂಡಿ ನೋವಿಗೆಂದು ಬರೆದುಕೊಟ್ಟಿದ್ದ ಕ್ಯಾಲ್ಸಿಯಂ. ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೇನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ, ಆದರೆ ಆ ಮಾತ್ರೆಗೆ ಹೊಟ್ಟೆಯಲ್ಲಿ ಒಂದು ಗಂಟೆಯ ಏಕಾಂತವೂ ಸಿಕ್ಕಿರಲಿಲ್ಲ. ಕಾಫಿ ಈ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಹಾಗೂ ಕಬ್ಬಿಣದ ಮಾತ್ರೆಗಳಿಗಂತೂ ನಾಲ್ಕು ಗಂಟೆಗಳ ಅಂತರ ಬೇಕು. ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೆ ಬರೆದು ನೋಡುವವರೆಗೆ ನಾನೇ ಅದನ್ನು ಮುರಿಯುತ್ತಿದ್ದೇನೆಂದು ಗೊತ್ತಿರಲಿಲ್ಲ.

ಕಾಫಿಯನ್ನು ಏಳು ಗಂಟೆಗೆ ಮುಂದೂಡಿ ನೋಡಿದೆ. ಒಂಬತ್ತು ದಿನ ನಡೆಯಿತು, ಹತ್ತನೆಯ ದಿನ ಮನೆಯವರೊಡನೆ ಜಗಳವಾಯಿತು. ಆಗ ಹೊಳೆದದ್ದು ರಾತ್ರಿಯ ಯೋಜನೆ. ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ, ನೀರಿನೊಡನೆ ಮಾತ್ರೆ. ಬೆಳಿಗ್ಗೆ ಎದ್ದೊಡನೆ ಕಾಫಿ. ಇದಕ್ಕಾಗಿ ನಮ್ಮ ಮನೆಯಲ್ಲಿ ಒಂಬತ್ತೂವರೆಗೆ ಆಗುತ್ತಿದ್ದ ಊಟವನ್ನು ಏಳಕ್ಕೆ ತರಬೇಕಾಯಿತು. ಮನೆಯವರನ್ನು ಒಪ್ಪಿಸಿದ ಉಪಾಯವನ್ನು ಮಾತ್ರ ಹೇಳಲಾರೆ, ಏಕೆಂದರೆ ಅವರೂ ಇದನ್ನು ಓದುತ್ತಾರೆ. ವೈದ್ಯರು ಎಂಟು ವಾರದ ಗಡುವು ಕೊಟ್ಟರು, ಮಾತ್ರೆಯ ಪ್ರಮಾಣವನ್ನು ನಾನಾಗಿ ಮುಟ್ಟಬಾರದೆಂಬ ಷರತ್ತು ಹಾಕಿದರು. ಎಂಟು ವಾರಕ್ಕೆ ಅದೇ 100 ಮೈಕ್ರೋಗ್ರಾಂನಲ್ಲಿ ಟಿಎಸ್‌ಎಚ್ 4.1ಕ್ಕೆ ಇಳಿದಿತ್ತು. ವರದಿಯನ್ನು ಅವರು ಎರಡು ಬಾರಿ ನೋಡಿ, ಬಯೋಟಿನ್ ಏನಾದರೂ ತಿನ್ನುತ್ತಿದ್ದೀರಾ ಎಂದು ಕೇಳಿದರು!

ಅಂಕೆ ಇಳಿದರೂ ದಣಿವು ಇಳಿಯಲಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಎಲ್ಲ ಸುಸ್ತನ್ನೂ ಥೈರಾಯ್ಡ್ ಖಾತೆಗೇ ಬರೆದು, ಮಾತ್ರೆ ಏರಿಸಿರೆಂದು ಪೀಡಿಸುತ್ತೇವೆ. ಸುಮಾರು 2,600 ರೂಪಾಯಿ ಕೊಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 7, ಬಿ12 ನೂರೈವತ್ತರ ಹತ್ತಿರ, ಡಿ ವಿಟಮಿನ್ 11 ಎಂದು ಬಂದವು. ಥೈರಾಯ್ಡ್ ಕುಂದಿದ್ದ ಆ ವರ್ಷಗಳಲ್ಲಿ ಮುಟ್ಟಿನ ಸ್ರಾವ ಏಳೆಂಟು ದಿನ ನಿಲ್ಲುತ್ತಿರಲಿಲ್ಲ; ಕಬ್ಬಿಣವೆಲ್ಲ ಹೋದದ್ದು ಆ ದಾರಿಯಲ್ಲಿ. ಕೂದಲು ಉದುರಿದ್ದಕ್ಕೆ ಕಾರಣವೂ ಬಹುಪಾಲು ಅದೇ ಇರಬೇಕು. ಬಿ12 ಕಡಿಮೆಯಾದದ್ದರಲ್ಲಿ ಆಶ್ಚರ್ಯವಿರಲಿಲ್ಲ, ಏಕೆಂದರೆ ಮೊಟ್ಟೆಯನ್ನೂ ಮುಟ್ಟದ ನಮ್ಮ ಮನೆಯಲ್ಲಿ ಹಾಲು ಮೊಸರಿನ ಹೊರತು ಅದಕ್ಕೆ ಬೇರೆ ಮೂಲವಿಲ್ಲ, ಮತ್ತು ನನ್ನ ಪಾಲಿನ ಮೊಸರು ಹೆಚ್ಚಾಗಿ ಮಜ್ಜಿಗೆಯಾಗಿ ನೀರಾಗುತ್ತಿತ್ತು.

ಬಿ12ಕ್ಕೆ ಮೊದಲು ಚುಚ್ಚುಮದ್ದು, ನಂತರ ಮಾತ್ರೆ. ಅಂಗಾಲಿನ ಜೋಮು ಎರಡು ತಿಂಗಳಲ್ಲಿ ಹೋಯಿತು. ಡಿ ವಿಟಮಿನ್ನಿನ 60,000 ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರ, ಭಾನುವಾರ ಮಧ್ಯಾಹ್ನ ತುಪ್ಪ ಹಾಕಿದ ಊಟದ ಜತೆಗೆ ತೆಗೆದುಕೊಂಡೆ. ಹಿಂದೊಮ್ಮೆ ಅದನ್ನೇ ಬರಿ ಹೊಟ್ಟೆಗೆ ನೀರಿನಲ್ಲಿ ಕುಡಿದಾಗ ಅಂಕೆ ಅಷ್ಟೇನೂ ಏರಿರಲಿಲ್ಲ. ನಮ್ಮ ಬೀದಿಯವರೊಬ್ಬರು ವಾರದ ಪುಡಿಯನ್ನು ದಿನವೂ ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದ್ದರು. ಚೀಟಿಯನ್ನು ಎರಡು ಬಾರಿ ಓದಿಕೊಳ್ಳಿ.

ಕಷ್ಟ ಕೊಟ್ಟದ್ದು ಕಬ್ಬಿಣ. ದಿನವೂ ನುಂಗಿದಾಗ ಮಲಬದ್ಧತೆಯಿಂದ ಕಂಗಾಲಾದೆ. ಥೈರಾಯ್ಡ್ ಇರುವವರ ಕರುಳು ಮೊದಲೇ ಸೋಮಾರಿ. ವೈದ್ಯರ ಸಲಹೆಯಂತೆ ದಿನ ಬಿಟ್ಟು ದಿನಕ್ಕೆ ಬದಲಾಯಿಸಿ, ಹನ್ನೊಂದೂವರೆಗೆ ಲಿಂಬೆ ಶರಬತ್ತಿನೊಡನೆ ತೆಗೆದುಕೊಂಡೆ, ಅದರ ಅಕ್ಕಪಕ್ಕ ಟೀ ಕಾಫಿ ಮುಟ್ಟಲಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ತಳ್ಳಿದೆ. ಒಂದು ವರ್ಷಕ್ಕೆ ಫೆರಿಟಿನ್ 40 ದಾಟಿತು, ಹಿಮೋಗ್ಲೋಬಿನ್ 12ರ ಗಡಿ ಮುಟ್ಟಿತು. ಜತೆಗೆ ಹುರುಳಿ, ನುಗ್ಗೆಸೊಪ್ಪು, ಎಳ್ಳು ಹುರಿದು ಮಾಡಿದ ಪುಡಿಯೊಂದನ್ನು ಮುದ್ದೆಯ ಸಾರಿಗೆ ಬೆರೆಸುತ್ತಿದ್ದೆ. ಅದರ ಅಳತೆಯನ್ನು ಅತ್ತಿಗೆಗೂ ಕೊಟ್ಟಿಲ್ಲ.

ಆಹಾರದಲ್ಲಿ ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಕೊಬ್ಬರಿ ಎಣ್ಣೆ ಕುಡಿದರೆ ಥೈರಾಯ್ಡ್ ಹೋಗುತ್ತದೆ ಎಂದವರಿಗೆ, ಹಾಗಿದ್ದರೆ ಕೊಬ್ಬರಿ ಮಾರುಕಟ್ಟೆಯ ಈ ಊರಿನಲ್ಲಿ ಮೆಡಿಕಲ್ ಅಂಗಡಿಗಳು ಈ ಮಾತ್ರೆಯನ್ನು ಯಾರಿಗೆ ಮಾರುತ್ತಿವೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ, ತಿಂಗಳೊಪ್ಪತ್ತು ಕುಡಿದೆ; ಒಂದೂವರೆ ಕಿಲೋ ತೂಕ ಏರಿತು. ಕೊತ್ತಂಬರಿ ಬೀಜದ ಕಷಾಯದಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣ ಬಳಸಿದ ಆರು ತಿಂಗಳಲ್ಲಿ ನನ್ನ ಅಂಕೆ ಕದಲಲಿಲ್ಲ, ಆದರೆ ಬೆಳೆಯುವ ಮಗಳಿಗೂ ಅದನ್ನೇ ತಿನ್ನಿಸಿದ್ದು ತಪ್ಪು ಎಂದು ತಿಳಿದು ಹಳೆಯ ಉಪ್ಪಿಗೆ ಮರಳಿದೆ. ಎಲೆಕೋಸನ್ನು ಎರಡು ವರ್ಷ ಸುಮ್ಮನೆ ದೂರವಿಟ್ಟಿದ್ದೆ. ಈಗ ಬೇಯಿಸಿ ತಿನ್ನುತ್ತೇನೆ. ಪ್ರೋಟೀನಿಗೆಂದು ರಾತ್ರಿಯ ಚಪಾತಿಗೆ ಸೋಯಾ ಹಿಟ್ಟು ಬೆರೆಸಿದ್ದೊಂದೇ ನಿಜವಾದ ಪೆಟ್ಟು ಕೊಟ್ಟದ್ದು: ರಾತ್ರಿ ಮಾತ್ರೆಯ ಯೋಜನೆ ಸರಿಯಾಗಿ ನಡೆಯುತ್ತಿದ್ದಾಗಲೇ 4.1 ಇದ್ದದ್ದು 5.6ಕ್ಕೆ ಏರಿತು, ಹಿಟ್ಟು ನಿಲ್ಲಿಸಿದ ಮುಂದಿನ ಪರೀಕ್ಷೆಯಲ್ಲಿ 3ಕ್ಕೆ ಬಂತು. ತೂಕ 72ರಿಂದ 66ಕ್ಕೆ ಇಳಿದಿದೆ, ಆದರೆ ಅದರ ಶ್ರೇಯಸ್ಸು ಏಳು ಗಂಟೆಯ ಊಟಕ್ಕೆ ಸಲ್ಲಬೇಕು.

ಖರ್ಚಿನ ಮಾತು ಹೇಳಬೇಕೆಂದರೆ, ಪುಡಿ, ಎಣ್ಣೆ, ಬಯೋಟಿನ್, ಅವಸರದ ಪರೀಕ್ಷೆಗಳು ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಮೇಲೆ ಹೋಗಿದೆ. ಈಗ ಥೈರಾಯ್ಡ್ ಮಾತ್ರೆಯ ಸೀಸೆಗೆ ಇನ್ನೂರರೊಳಗೆ, ಬಿ12ಕ್ಕೆ ತಿಂಗಳಿಗೆ ನೂರೈವತ್ತು, ಆರು ತಿಂಗಳಿಗೊಮ್ಮೆ ಒಂದು ಪರೀಕ್ಷೆ, ಅಷ್ಟೇ.

ಈ ಪದ್ಧತಿಗೆ ತೊಡಕಾಗುವುದು ಮದುವೆ ಮನೆಗಳು ಮಾತ್ರ. ಆರತಕ್ಷತೆಯ ಊಟ ಹತ್ತೂವರೆಗೆ ಎಲೆಗೆ ಬೀಳುತ್ತದೆ. ಅಂಥ ದಿನ ಮಾತ್ರೆಯನ್ನು ಒಂದು ಲೋಟ ನೀರಿನೊಡನೆ ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತೇನೆ. ನಾಲ್ಕರ ಸುಮಾರಿಗೆ ಹೇಗೂ ಒಮ್ಮೆ ಎಚ್ಚರವಾಗುವ ವಯಸ್ಸು ನನ್ನದು, ಆಗ ನುಂಗಿ ಮತ್ತೆ ಮಲಗುತ್ತೇನೆ. ಕಾಫಿ ಆರಕ್ಕೆ ಸಿಗುತ್ತದೆ.