ಬೆಳ್ಳಿ ಹಾಕಿ ಎನ್‌ಓಆರ್ ನೋಡುವುದು: ನನ್ನ ಅನುಭವ

ಲ್ಯಾಬಿನಲ್ಲಿ ನಾವು ದಿನಾ ನೋಡುವುದು ಜಿ-ಬ್ಯಾಂಡ್ ಸ್ಲೈಡು, ಅಂದರೆ ಕ್ರೋಮೋಸೋಮುಗಳ ಮೇಲೆ ಪಟ್ಟೆ ಪಟ್ಟೆ ಕಾಣುವಂತೆ ಬಣ್ಣ ಹಾಕಿದ ಸ್ಲೈಡು. ಅದರಲ್ಲಿ 13, 14, 15, 21, 22ನೇ ಕ್ರೋಮೋಸೋಮುಗಳ ಗಿಡ್ಡ ತೋಳು ನೋಡಿದರೆ ಅಲ್ಲೇನೂ ವಿಶೇಷ ಇಲ್ಲ ಅನ್ನಿಸುತ್ತದೆ. ಆದರೆ ಜೀವಕೋಶದ ನ್ಯೂಕ್ಲಿಯೋಲಸ್ (ಕೋಶಕೇಂದ್ರದೊಳಗಿನ, ರೈಬೋಸೋಮು ತಯಾರಾಗುವ ಜಾಗ) ಹುಟ್ಟುವುದು ಅಲ್ಲೇ. ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಬೇಕಾದ ಆರ್‌ಎನ್‌ಎ ಜೀನುಗಳು ಅಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂತಿವೆ. ಆ ಜಾಗಕ್ಕೇ ಎನ್‌ಓಆರ್ (ನ್ಯೂಕ್ಲಿಯೋಲಾರ್ ಆರ್ಗನೈಸರ್ ರೀಜನ್) ಅನ್ನುತ್ತೇವೆ. ಇಂಥ ಜಾಗವೊಂದಿದೆ ಅಂತ ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ 1934ರಲ್ಲೇ ಮೆಕ್ಕೆಜೋಳದ 6ನೇ ಕ್ರೋಮೋಸೋಮಿನಲ್ಲಿ ತೋರಿಸಿದ್ದರು.

ಈ ಎನ್‌ಓಆರ್ ಕಾಣಬೇಕಾದರೆ ಬೆಳ್ಳಿಯಿಂದ ಬಣ್ಣ ಹಾಕಬೇಕು. ಅದಕ್ಕೆ ನಾನು ಬಳಸುವುದು ಹೋವೆಲ್ ಮತ್ತು ಬ್ಲ್ಯಾಕ್ 1980ರಲ್ಲಿ ಕೊಟ್ಟ ವಿಧಾನ. ಸ್ವಲ್ಪ ಫಾರ್ಮಿಕ್ ಆಸಿಡ್ ಬೆರೆಸಿದ ಜೆಲಾಟಿನ್ ನೀರು ಎರಡು ಹನಿ, 50% ಸಿಲ್ವರ್ ನೈಟ್ರೇಟ್ ನಾಲ್ಕು ಹನಿ. ಸ್ಲೈಡ್ ಮೇಲೇ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ, 70 ಡಿಗ್ರಿಯ ಹಾಟ್‌ಪ್ಲೇಟ್ ಮೇಲೆ ಇಡಬೇಕು. ಅರ್ಧ ನಿಮಿಷಕ್ಕೆ ಹಳದಿ ತಿರುಗುತ್ತದೆ, ಎರಡು ನಿಮಿಷದೊಳಗೆ ಜೇನಿನ ಬಣ್ಣ. ಇಲ್ಲಿ ನಾನು ಗಡಿಯಾರಕ್ಕಿಂತ ಬಣ್ಣವನ್ನೇ ಜಾಸ್ತಿ ನಂಬುತ್ತೇನೆ. ಕಂದು ಗಾಢವಾಗುವ ಮೊದಲೇ ತೆಗೆದು ತೊಳೆಯಬೇಕು, ಇಲ್ಲದಿದ್ದರೆ ಸ್ಲೈಡ್ ತುಂಬಾ ಕರಿ ಪುಡಿ. ನಲ್ಲಿ ನೀರಂತೂ ಬೇಡವೇ ಬೇಡ. ಅದರಲ್ಲಿರುವ ಕ್ಲೋರೈಡಿಗೆ ಬೆಳ್ಳಿ ಬಿಳಿ ಗಸಿಯಾಗಿ ಕೂರುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಬೆರಳಿಗೆ ಹತ್ತಿದ ಕಪ್ಪು ಬೇಗ ಹೋಗುವುದಿಲ್ಲ.

ಕೊನೆಗೆ ತೆಳುವಾಗಿ ಗೀಮ್ಸಾ ಎಂಬ ನೇರಳೆ ಬಣ್ಣ ಹಾಕಿ, 100ರ ಆಯಿಲ್ ಲೆನ್ಸಿನಲ್ಲಿ ನೋಡಿದರೆ ತಿಳಿ ನೇರಳೆ ಕ್ರೋಮೋಸೋಮಿನ ತುದಿಯಲ್ಲಿ ಕಪ್ಪು ಚುಕ್ಕಿ! ಎಷ್ಟು ಸಲ ನೋಡಿದರೂ ನನಗೆ ಖುಷಿಯೇ.

ಮನುಷ್ಯನಲ್ಲಿ ಈ ಐದು ಜೋಡಿ ಕ್ರೋಮೋಸೋಮುಗಳಿಗೆ ತಲಾ ಒಂದರಂತೆ ಹತ್ತು ಎನ್‌ಓಆರ್ ಇರುತ್ತವೆ, ಹತ್ತೂ ಕಪ್ಪಾಗುವುದು ಅಪರೂಪ. ಯಾಕೆಂದರೆ ಬೆಳ್ಳಿ ಹಿಡಿಯುವುದು ಡಿಎನ್‌ಎಯನ್ನಲ್ಲ, ಅಲ್ಲಿ ಅಂಟಿಕೊಂಡ ಪ್ರೋಟೀನುಗಳನ್ನು. ಕೋಶ ಎರಡಾಗಿ ವಿಭಜನೆಯಾಗುವ ಮುಂಚೆ ಯಾವ ಎನ್‌ಓಆರ್ ಕೆಲಸ ಮಾಡುತ್ತಿತ್ತೋ ಅದರ ಮೇಲೆ ಮಾತ್ರ ಅವು ಉಳಿದಿರುತ್ತವೆ. ಹಾಗಾಗಿ ಚುಕ್ಕಿ ಇಲ್ಲ ಅಂದರೆ ಜೀನೇ ಇಲ್ಲ ಅಂತ ಬರೆಯಬಾರದು. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಒಂದೇ ಕೋಶ ನೋಡಿ ತೀರ್ಮಾನಿಸುವುದೂ ಬೇಡ, ಹಲವು ಕೋಶ ಎಣಿಸಬೇಕು.

ಇದು ನಿಜವಾಗಿ ಕೈಹಿಡಿಯುವುದು ಕೇಸು ಬಂದಾಗ. ಎಲ್ಲಿಂದ ಬಂತೋ ಗೊತ್ತಾಗದ ಪುಟ್ಟ ಹೆಚ್ಚುವರಿ ಕ್ರೋಮೋಸೋಮಿನ ತುದಿಯಲ್ಲಿ ಚುಕ್ಕಿ ಕಂಡರೆ, ಈ ಐದು ಜೋಡಿಗಳಲ್ಲೇ ಹುಡುಕಬಹುದು. ಇನ್ನು ಪದೇ ಪದೇ ಗರ್ಭಪಾತವಾಗಿ ಬರುವ ದಂಪತಿಗಳಲ್ಲಿ ಕೆಲವೊಮ್ಮೆ 13 ಮತ್ತು 14 ಬೆಸೆದುಕೊಂಡಿರುತ್ತವೆ. ಒಟ್ಟು 45 ಕ್ರೋಮೋಸೋಮು. ಬೆಸುಗೆಯಲ್ಲಿ ಸಾಮಾನ್ಯವಾಗಿ ಎರಡು ಗಿಡ್ಡ ತೋಳು, ಜೊತೆಗೆ ಎರಡು ಎನ್‌ಓಆರ್ ಹೋಗಿರುತ್ತವೆ. ಆದರೂ ಆ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾರೆ, ಅಲ್ವಾ? ಉಳಿದ ಎಂಟರಲ್ಲಿ ಬೇಕಾದಷ್ಟು ಜೀನುಗಳಿವೆ. ತೊಂದರೆ ಬರುವುದು ಅಂಡ ಅಥವಾ ವೀರ್ಯಾಣುವಿಗೆ ಕ್ರೋಮೋಸೋಮು ಹಂಚುವಾಗ ಹೆಚ್ಚುಕಮ್ಮಿಯಾದರೆ. ಇದನ್ನು ದಂಪತಿಗೆ ಸ್ಲೈಡಿನ ಚಿತ್ರ ತೋರಿಸಿಯೇ ಹೇಳಿ ಅಂತ ಕೌನ್ಸೆಲರ್‌ಗೆ ಯಾವಾಗಲೂ ಕೇಳಿಕೊಳ್ಳುತ್ತೇನೆ.