ಒಂದೇ ಪಿಕಪ್ಪನ್ನು ಹನ್ನೆರಡು ವರ್ಷ ಓಡಿಸಿದ ನನ್ನ ಲೆಕ್ಕ

ನಾನು 2013ರ ಕೊನೆಯಲ್ಲಿ ಕೊಂಡ ಬೊಲೆರೊ ಪಿಕಪ್ ಇಂದಿಗೂ ಕೋಲಾರದ ಮಾರುಕಟ್ಟೆಯಿಂದ ಬೆಂಗಳೂರಿಗೆ ಟೊಮೆಟೊ ಸಾಗಿಸುತ್ತಿದೆ. ಮೀಟರಿನಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ದಾಟಿದೆ. ಐದು ವರ್ಷಕ್ಕೆ ಗಾಡಿ ಮಾರದವನು ಮೆಕ್ಯಾನಿಕ್‌ಗೆ ಮನೆ ಕಟ್ಟಿಸಿಕೊಡುತ್ತಾನೆ ಎಂದು ನನ್ನ ಭಾವ ಮೊದಲಿನಿಂದಲೂ ಹೇಳುತ್ತಿದ್ದರು. ಕಳೆದ ವರ್ಷ ಅವರು ಮೂರನೆಯ ಹೊಸ ಗಾಡಿಗೆ ಸಾಲ ಮಾಡಿದಾಗ ನಾವಿಬ್ಬರೂ ಕುಳಿತು ಎರಡೂ ಕಡೆಯ ಖರ್ಚನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದೆವು. ಆ ಲೆಕ್ಕ ನನ್ನ ಪರವಾಗಿ ಬಂದಿದ್ದರಿಂದಲೇ ಇದನ್ನು ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಬಾಡಿ ಕಟ್ಟಿಸಿದ್ದೂ ಸೇರಿ ಗಾಡಿ ರಸ್ತೆಗೆ ಇಳಿಯುವಾಗ ಐದು ಲಕ್ಷ ತೊಂಬತ್ತು ಸಾವಿರದಷ್ಟಾಗಿತ್ತು. ನಾಲ್ಕೂವರೆ ಲಕ್ಷ ಸಾಲ, ಶೇ. 8 ಫ್ಲಾಟ್ ಬಡ್ಡಿ, ನಾಲ್ಕು ವರ್ಷ; ತಿಂಗಳ ಕಂತು 12,375 ರೂಪಾಯಿ. ಶೇ. 8 ಎಂದರೆ ಅಗ್ಗ ಎಂದುಕೊಂಡು ಸಹಿ ಹಾಕಿದ್ದೆ. ಅಸಲು ಕರಗುತ್ತಾ ಹೋದರೂ ಬಡ್ಡಿಯನ್ನು ಪೂರ್ತಿ ಮೊತ್ತದ ಮೇಲೆಯೇ ಹಾಕುವುದರಿಂದ ಅದು ವಾಸ್ತವದಲ್ಲಿ ಶೇ. 14ಕ್ಕಿಂತ ಹೆಚ್ಚು ಎಂಬುದು ತಿಳಿದದ್ದು ಎರಡನೆಯ ವರ್ಷ. ಬಡ್ಡಿಯೂ ಸೇರಿ ಗಾಡಿಗೆ ಒಟ್ಟು ಏಳು ಲಕ್ಷ ಮೂವತ್ತು ಸಾವಿರದಷ್ಟು ಕೊಟ್ಟೆ. ಐದು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರು ಈ ಬಡ್ಡಿಯನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾರೆ ಎಂಬುದೇ ನನ್ನ ವಾದದ ಬುಡ.

ನಾನು ಅನುಸರಿಸಿದ ಕ್ರಮ ಇಷ್ಟೇ: ಗಾಡಿ ಓಡಿದ ಪ್ರತಿ ಕಿಲೋಮೀಟರಿಗೆ ಎರಡು ರೂಪಾಯಿಯಂತೆ ವಾರಕ್ಕೊಮ್ಮೆ ಬೇರೆ ಖಾತೆಗೆ ಹಾಕುವುದು, ಟೈರ್, ರಿಪೇರಿ, ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಎಲ್ಲವನ್ನೂ ಅದರಿಂದಲೇ ನಡೆಸುವುದು. 2019ರಿಂದ ಅದನ್ನು ಎರಡೂವರೆ ರೂಪಾಯಿಗೆ ಏರಿಸಿದ್ದೇನೆ. ಹೇಳುವುದು ಸುಲಭ, 2016ರಲ್ಲಿ ನಾನೇ ತಪ್ಪಿದೆ. ತಂಗಿಯ ಮದುವೆಗೆ ಖಾತೆಯಲ್ಲಿದ್ದ ಅರವತ್ತು ಸಾವಿರವನ್ನೂ ತೆಗೆದೆ. ಸರಿಯಾಗಿ ಐದು ವಾರಕ್ಕೆ ಕ್ಲಚ್ ಪ್ಲೇಟ್ ಹೋಗಿ, ಗೇರ್‌ಬಾಕ್ಸನ್ನೂ ಬಿಚ್ಚಬೇಕಾಯಿತು. ಮೂವತ್ತೈದು ಸಾವಿರವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲವಾಗಿ ತಂದು, ತೀರಿಸಲು ಒಂದೂಕಾಲು ವರ್ಷ ಹೆಣಗಿದೆ. ಅಂದಿನಿಂದ ಆ ಖಾತೆಯ ಪಾಸ್‌ಬುಕ್ ಹೆಂಡತಿಯ ಬಳಿ ಇದೆ, ಬಿಲ್ ತೋರಿಸದೆ ಹಣ ಹೊರಬರುವುದಿಲ್ಲ.

ಎರಡನೆಯ ದೊಡ್ಡ ಪೆಟ್ಟು ನನ್ನ ನಿರ್ಲಕ್ಷ್ಯದಿಂದ ಬಂದದ್ದು. ನಮ್ಮ ಕಡೆಯ ಕೊಳವೆಬಾವಿ ನೀರು ಎಷ್ಟು ಗಡಸು ಎಂಬುದು ಒಲೆಯ ಮೇಲಿನ ಪಾತ್ರೆಯನ್ನು ನೋಡಿದರೇ ಗೊತ್ತಾಗುತ್ತದೆ. ಹಾಗಿದ್ದೂ ಮೂರು ವರ್ಷ ಅದೇ ನೀರನ್ನು ರೇಡಿಯೇಟರಿಗೆ ಸುರಿದೆ. 2017ರ ಬೇಸಿಗೆಯಲ್ಲಿ ನರಸಾಪುರದ ಬಳಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಯಿತು. ರೇಡಿಯೇಟರ್ ಬಿಚ್ಚಿದಾಗ ಒಳಗೆಲ್ಲ ಸುಣ್ಣ ಕಟ್ಟಿತ್ತು. ಮೂವತ್ತೆಂಟು ಸಾವಿರ ರೂಪಾಯಿ, ಒಂಬತ್ತು ದಿನದ ಬಾಡಿಗೆ ಮತ್ತು ಒಂದು ಮಂಡಿಯ ಕಾಯಂ ಲೋಡು ಮೂರನ್ನೂ ಕಳೆದುಕೊಂಡೆ. ಈಗ ಕೂಲೆಂಟ್ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ. 2021ರಲ್ಲಿ ಎಂಜಿನ್ ಕೆಲಸಕ್ಕೆ ಎಪ್ಪತ್ತು ಸಾವಿರದ ಮೇಲೆ ಹೋಯಿತು, ಆದರೆ ಅದು ಖಾತೆಯಲ್ಲಿ ಸಿದ್ಧವಾಗಿತ್ತು.

ಗಾಡಿ ಇಷ್ಟು ಕಾಲ ಉಳಿಯಲು ನಿಜವಾದ ಕಾರಣ ಲೋಡು. ಮೊದಲ ಎರಡು ವರ್ಷ ಎಲ್ಲರಂತೆ ನಾನೂ 110 ಬಾಕ್ಸ್ ಏರಿಸುತ್ತಿದ್ದೆ, ವರ್ಷಕ್ಕೆ ಮೂರು ಸಲ ಹಿಂದಿನ ಲೀಫ್ ಸ್ಪ್ರಿಂಗಿನ ಪ್ಲೇಟು ಮುರಿಯುತ್ತಿತ್ತು. ಒಂದು ಬಾಕ್ಸಿನ ಹದಿನೈದು ಕೆಜಿ ಹಣ್ಣಿಗೆ ಕ್ರೇಟಿನ ತೂಕವನ್ನೂ ಸೇರಿಸಿದರೆ ಒಂದೂಕಾಲು ಟನ್ನಿನ ಗಾಡಿಗೆ 75 ಬಾಕ್ಸೇ ಸರಿ. ನಾನು 75ಕ್ಕೆ ಇಳಿಸಿದಾಗ ಇವನು ಖಾಲಿ ಗಾಡಿ ಓಡಿಸುತ್ತಾನೆ ಎಂದು ಮಂಡಿಯಲ್ಲಿ ಮಾತನಾಡಿಕೊಂಡರು. 2019ರ ಸೆಪ್ಟೆಂಬರಿನಿಂದ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000 ಎಂದಾದಾಗ ಆ ಮಾತು ನಿಂತಿತು. ಕಡಿಮೆ ಬಾಕ್ಸಿನ ನಷ್ಟವನ್ನು ಬೆಂಗಳೂರಿನಿಂದ ಬರುವ ರಿಟರ್ನ್ ಲೋಡಿನಿಂದ ತುಂಬಿಕೊಂಡೆ. ಆ ಲೋಡು ಯಾರಿಂದ, ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ಆರು ವರ್ಷ ಅಲೆದು ಸಂಪಾದಿಸಿದ ಸಂಬಂಧ ಅದು.

ರೀಟ್ರೆಡ್ ಟೈರನ್ನೂ, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಪದರ ಅಂಟಿಸಿದ್ದನ್ನೂ, ಪರೀಕ್ಷಿಸಿದ್ದೇನೆ. ಹೊಸ ಟೈರ್ ಎಂಟೂವರೆ ಸಾವಿರ ರೂಪಾಯಿಗೆ ನಲವತ್ತೈದು ಸಾವಿರ ಕಿಲೋಮೀಟರ್ ಬಂದರೆ, ಮೂರು ಸಾವಿರದ ಇನ್ನೂರು ಕೊಟ್ಟು ರೀಟ್ರೆಡ್ ಮಾಡಿಸಿದ್ದು ಇಪ್ಪತ್ತೆಂಟು ಸಾವಿರ ಬಂತು. ಅಂದರೆ ಕಿಲೋಮೀಟರಿಗೆ ಹತ್ತೊಂಬತ್ತು ಪೈಸೆಯ ಬದಲು ಹನ್ನೊಂದು ಪೈಸೆ. ಆಸೆಗೆ ಬಿದ್ದು ಅದೇ ಟೈರನ್ನು ಎರಡನೆಯ ಸಲ ಮಾಡಿಸಿದೆ; ಏಪ್ರಿಲ್ ಬಿಸಿಲಿನಲ್ಲಿ ಹೊಸಕೋಟೆಯ ಬಳಿ ಪದರ ಕಿತ್ತು ಮಡ್‌ಗಾರ್ಡನ್ನು ಹರಿಯಿತು. ಒಂದೇ ಸಲ, ಹಿಂದಿನ ಚಕ್ರಕ್ಕೆ ಮಾತ್ರ ಎಂಬುದು ಈಗಿನ ನಿಯಮ. ಬಾಡಿಯ ತಳಕ್ಕೆ ರಬ್ಬರ್ ಮ್ಯಾಟ್ ಹಾಸಿದ ಪ್ರಯೋಗವಂತೂ ಪೂರ್ತಿ ಸೋತಿತು. ಟೊಮೆಟೊ ರಸದ ಹುಳಿ ಮ್ಯಾಟಿನ ಕೆಳಗೆ ನಿಂತು ತಗಡನ್ನು ತಿಂದುಹಾಕಿತು, ವೆಲ್ಡಿಂಗಿಗೆ ಹದಿನಾಲ್ಕು ಸಾವಿರವಾಯಿತು. ಮ್ಯಾಟ್ ತೆಗೆದು, ಪ್ರತಿ ಟ್ರಿಪ್ಪಿನ ನಂತರ ನೀರು ಹೊಡೆದು ಒಣಗಿಸಿ, ವರ್ಷಕ್ಕೊಮ್ಮೆ ರೆಡ್ ಆಕ್ಸೈಡ್ ಬಳಿಯುವುದೇ ಸಾಕೆಂದು ಕಂಡುಕೊಂಡೆ.

ಇನ್ನು ಭಾವನವರ ಜೊತೆಗಿನ ಲೆಕ್ಕ. ಎರಡು ಗಾಡಿಗಳನ್ನು ಕೊಂಡು ಮಾರಿದ ಹತ್ತು ವರ್ಷದಲ್ಲಿ ಬೆಲೆ ಇಳಿದದ್ದು ಮತ್ತು ಬಡ್ಡಿ ಸೇರಿ ಅವರಿಗೆ ಹತ್ತು ಲಕ್ಷ ಎಪ್ಪತ್ತು ಸಾವಿರ ಹೋಗಿದೆ, ರಿಪೇರಿ ಮತ್ತು ಟೈರಿಗೆ ಮೂರೂವರೆ ಲಕ್ಷ. ನನ್ನ ಗಾಡಿಗೆ ಇಂದು ಎರಡು ಲಕ್ಷ ಬರುತ್ತದೆ ಎಂದಿಟ್ಟುಕೊಂಡರೆ ಐದು ಲಕ್ಷ ಮೂವತ್ತು ಸಾವಿರ ಸವೆದಿದೆ, ರಿಪೇರಿ ಮತ್ತು ಟೈರಿಗೆ ಏಳು ಲಕ್ಷ. ವರ್ಷಕ್ಕೆ ಅವರದು ಒಂದು ಲಕ್ಷ ನಲವತ್ತೆರಡು ಸಾವಿರವಾದರೆ ನನ್ನದು ಒಂದು ಲಕ್ಷ ಎರಡೂವರೆ ಸಾವಿರ. ನನ್ನ ಗಾಡಿ ವರ್ಷಕ್ಕೆ ಎಂಟು ದಿನ ಹೆಚ್ಚು ನಿಲ್ಲುತ್ತದೆ ಎಂದು ಭಾವ ವಾದಿಸಿದರು. ಅದು ನ್ಯಾಯವಾದ ಮಾತು. ದಿನಕ್ಕೆ ಎರಡು ಸಾವಿರದಂತೆ ಹದಿನಾರು ಸಾವಿರ ಕಳೆದರೂ ಇಪ್ಪತ್ತಮೂರೂವರೆ ಸಾವಿರ ನನಗೆ ಉಳಿಯುತ್ತದೆ. ಎಂಟು ವರ್ಷದ ನಂತರ ನಾನು ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸುತ್ತೇನೆ. 2025ರಲ್ಲಿ ಅದರ ಮೂಲ ಪ್ರೀಮಿಯಂ 16,049 ರೂಪಾಯಿ ಇತ್ತು. ಅವರ ಹೊಸ ಗಾಡಿಯ ಪೂರ್ಣ ವಿಮೆ ನಲವತ್ತು ಸಾವಿರದ ಆಸುಪಾಸಿನಲ್ಲಿದೆ. ಕಳ್ಳತನವಾದರೆ ನನಗೆ ಏನೂ ಸಿಗುವುದಿಲ್ಲ ಎಂಬ ಅಪಾಯವನ್ನು ತಿಳಿದೇ ಹೊತ್ತಿದ್ದೇನೆ.

2023ರ ಜುಲೈನಲ್ಲಿ ಒಂದು ಬಾಕ್ಸ್ ಟೊಮೆಟೊ ಎರಡು ಸಾವಿರ ದಾಟಿದಾಗ ಹೊಸ ಗಾಡಿ ಕೊಂಡವರನ್ನು ಕಂಡಿದ್ದೇನೆ. ಬೆಲೆ ಬಿದ್ದ ತಿಂಗಳುಗಳಲ್ಲೂ ಅವರ ಕಂತು ಬೀಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ನಾನೂ ಎರಡು ದಿನ ಯೋಚಿಸಿದೆ. ಆದರೆ ಅದೇ ವಾರ ನನ್ನ ಹಳೆಯ ಗಾಡಿಗೆ ಕೇಳುತ್ತಿದ್ದ ಬೆಲೆಯೂ ಮೂವತ್ತು ಸಾವಿರ ಇಳಿಯಿತು, ಸುಮ್ಮನಾದೆ.

ಗಾಡಿ ಹಳೆಯದಾದಂತೆ ಎಫ್‌ಸಿ ಶುಲ್ಕ ಏರುವುದರಿಂದ ಹದಿನೈದು ವರ್ಷ ತುಂಬುವ ಮೊದಲೇ, 2028ರ ದಸರಾದ ಹೊತ್ತಿಗೆ ಇದನ್ನು ಮಾರುವ ಆಲೋಚನೆಯಿದೆ. ಸದ್ಯ ಖಾತೆಯಲ್ಲಿ ಅರವತ್ತೊಂದು ಸಾವಿರ ಇದೆ, ಸಂಕ್ರಾಂತಿ ಕಳೆದ ಮೇಲೆ ಮುಂದಿನ ಎರಡು ಟೈರ್ ಮತ್ತು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್) ಕೆಲಸ ಮಾಡಿಸಬೇಕು.